ಕೊಪ್ಪರಿಗೆಯ ಗಾಳಿ

ಸಂತ ಹುಬರ್ಟನ ಹಬ್ಬದ ಬಲಿಪೂಜೆ ನಡೆಯುತ್ತಿದ್ದರೂ ತಿಲ್ಕಾ ಚರ್ಚಿನೊಳಗೆ ಕಾಲಿಡಲಿಲ್ಲ. ಹುಬರ್ಟ ಬೇಟೆಗಾರರ ಸಂತ. ಬೋಹಿನ್ ಕಣಿವೆಯ ಬೇಟೆ ಸಂಘದ ಹದಿನೆಂಟು ಗಂಡಸರೂ ಹಸಿರು ಉಣ್ಣೆಯ ಕೋಟು ತೊಟ್ಟು, ಮೀಸೆ ತಿದ್ದಿಕೊಂಡು, ಮದುವೆಗಂಡುಗಳ ಹಾಗೆ ಮುಂದಿನ ಬೆಂಚುಗಳಲ್ಲಿ ಕೂತಿದ್ದರು. ಪಾದ್ರಿಗಳು ಪ್ರೀತಿಯಿಂದ ಧೂಪದಾನಿಯನ್ನು ಅವರ ಕಡೆಗೆ ಎರಡು ಸಲ ಹೆಚ್ಚಾಗಿಯೇ ಬೀಸಿದರು. ಉಣ್ಣೆ ಸಾಂಬ್ರಾಣಿಯ ಹೊಗೆಯನ್ನು ಗಟಗಟನೆ ಕುಡಿಯಿತು. ತಿಲ್ಕಾ ಹೊರಗೆ, ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತು, ಅಲ್ಲಿಂದಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಪೂಜೆ ಮುಗಿಸಿ ಹೊರಬಂದ ಗಾಶ್ಪರ್ ಅವಳನ್ನು ನೋಡಿ ನಕ್ಕ. ಮರದ ಮಿಲ್ಲಿನವನು, ಬಾಯಿಗೆ ಬೀಗವಿಲ್ಲದವನು.

"ಏನಮ್ಮಾ ತಿಲ್ಕಾ, ದೇವರ ಹೊಗೇನೂ ಆಗಲ್ವಾ ನಿನಗೆ?"

"ನನ್ನ ಪ್ರಾರ್ಥನೆ ದೇವರಿಗೆ ಬಾಗಿಲ ಹೊರಗಿಂದಾನೂ ಕೇಳುತ್ತೆ ಗಾಶ್ಪರ್. ನಿನ್ನ ಕೋಟಿನ ಸಾಂಬ್ರಾಣಿ ಜಿಂಕೆಗೆ ಮುಕ್ಕಾಲು ಮೈಲಿಯಿಂದ ಗೊತ್ತಾಗುತ್ತೆ. ಇವತ್ತೇ ಬೇಟೆಗೆ ಹೋಗೋದು ತಾನೇ?"

"ನಾನು ಪಟ್ಟಣದಿಂದ ವಾಸನೆ ಕೊಲ್ಲೋ ಸ್ಪ್ರೇ ತಂದಿದೀನಿ. ಬೂಟಿಗೆಲ್ಲ ಹೊಡ್ಕೊಂಡಿದೀನಿ. ನೀನು ಮೊದಲು ನಿನ್ನ ಹಸು ವಾಸನೆ ನೋಡ್ಕೊ. ನೀನು ಗುಡ್ಡ ಹತ್ತಿದ್ರೆ ಗಡಿಯಾಚೆ ಇಟಲಿಯಲ್ಲಿರೋ ಜಿಂಕೆನೂ ಮೂಗು ಮುಚ್ಚುತ್ತೆ!"

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೂಟಿಗೆ ಔಷಧಿ ಹೊಡೆದು ಕೋಟಿಗೆ ಧೂಪ ಹಾಕಿಸಿಕೊಂಡವನ ಮಾತಿಗೆ ನಗುವವರಿಗೆ ಏನೆನ್ನುವುದು? ಹಸುವಿನ ವಾಸನೆಯಂತೂ ನಿಜ. ತಿಲ್ಕಾ ತನ್ನ ಕೋಟನ್ನು ಒಂದು ವಾರದಿಂದ ಬೇಕೆಂದೇ ಕೊಟ್ಟಿಗೆಯಲ್ಲಿ ನೇತುಹಾಕಿದ್ದಳು.

ಅವಳಿಗೆ ನಲವತ್ತೊಂಬತ್ತು. ಇಪ್ಪತ್ತೆರಡು ಬೇಸಿಗೆಗಳಿಂದ ಊರಿನ ಹಸುಗಳನ್ನು ಮೇಲಿನ ಗೋಮಾಳಕ್ಕೆ ಹೊಡೆದುಕೊಂಡು ಹೋಗಿ, ಅಲ್ಲಿನ ಮರದ ಗುಡಿಸಲಿನಲ್ಲಿ ಚೀಸ್ ಮಾಡಿ, ಸೆಪ್ಟೆಂಬರಿನಲ್ಲಿ ಇಳಿದು ಬರುವವಳು. ಮೇಲಿನ ಜಿಂಕೆಗಳಲ್ಲಿ ಯಾವುದು ಯಾವುದರ ಮಗಳು ಎನ್ನುವುದು ಅವಳಿಗೆ ಗೊತ್ತು. ಯಾವುದನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು, ಉಪ್ಪು ಎಲ್ಲಿಡಬೇಕು ಎಂದು ತೀರ್ಮಾನಿಸುವುದು ಮಾತ್ರ ಸಂಘದ ಮೇಜಿನ ಸುತ್ತ ಕೂತ ಗಂಡಸರು. ವರ್ಷಕ್ಕೆ ಮೂರು ಸಲ ಗುಡ್ಡ ಹತ್ತುವವರು ಅವರು. ಆ ಮೇಜಿನ ಮುಂದೆ ತನಗೊಂದು ಕುರ್ಚಿ ಬೇಕು ಎಂದು ತಿಲ್ಕಾ ಎರಡು ವರ್ಷದ ಹಿಂದೆ ಅರ್ಜಿ ಹಾಕಿದ್ದಳು. ಪರೀಕ್ಷೆ ಪಾಸು ಮಾಡಿದಳು, ಗುರಿಯಲ್ಲೂ ಪಾಸಾದಳು. ಆದರೆ ಸಂಘದ್ದೊಂದು ಹಳೆಯ ಕಟ್ಟಳೆಯಿತ್ತು: ಅರ್ಜಿ ಹಾಕಿದ ಮೇಲೆ ಹುಬರ್ಟನ ಎರಡನೆಯ ಹಬ್ಬ ಮುಗಿಯುವುದರೊಳಗೆ ಒಂದು ಜಿಂಕೆಯಾದರೂ ಹೆಸರಿಗೆ ಬರಬೇಕು, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಎರಡು ವರ್ಷವೂ ಅವಳನ್ನು ಗಾಳಿ ಬೆನ್ನಿಗೆ ಬೀಸುವ ಜಾಗದಲ್ಲೇ ಕೂರಿಸಿದ್ದರು. ಜಿಂಕೆ ಹೇಗೆ ಬರಬೇಕು? ಇವತ್ತು ಕೊನೆಯ ದಿನ.

ಇವತ್ತಿನ ಬೇಟೆಗೆ ಇನ್ನೊಂದು ಕಾರಣವೂ ಇತ್ತು. ಮರದ ಲಾರಿ ಬಡಿದು ಮುಂಗಾಲು ಮುರಿದುಕೊಂಡ ಹೆಣ್ಣು ಜಿಂಕೆಯೊಂದು ಐದು ದಿನದಿಂದ ಕಾಡಿನಲ್ಲಿ ನರಳುತ್ತಿತ್ತು. ರಾತ್ರಿ ಹಿಮ ಬೀಳುತ್ತದೆ ಎಂದು ರೇಡಿಯೋ ಹೇಳಿತ್ತು. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ಆಮೇಲೆ ಅದು ಹಸಿವಿನಿಂದ ದಿನಗಟ್ಟಲೆ ನರಳಿ ಸಾಯಬೇಕು, ಇಲ್ಲವೇ ಜೀವವಿರುವಾಗಲೇ ನರಿಗಳ ಪಾಲಾಗಬೇಕು.

"ಲೋವ್ರೋ ಮಾವ, ಮಧ್ಯಾಹ್ನ ಬೇಡ," ಎಂದಳು ತಿಲ್ಕಾ, ಸಂಘದ ಯಜಮಾನನಿಗೆ. "ಬಿಸಿಲು ಬಿದ್ದಾಗ ಗಾಳಿ ಗುಡ್ಡ ಹತ್ತುತ್ತೆ. ನೀವು ಕೆಳಗಿಂದ ಹೋದ್ರೆ ನಿಮಗಿಂತ ಮುಂಚೆ ನಿಮ್ಮ ವಾಸನೆ ಹೋಗಿ ಬಾಗಿಲು ತಟ್ಟುತ್ತೆ."

ಲೋವ್ರೋಗೆ ಎಪ್ಪತ್ತೊಂದು. ಕಣಿವೆಯಲ್ಲಿ ಅವನಂಥ ಗುರಿಕಾರ ಇನ್ನೊಬ್ಬನಿಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ. "ಹುಡುಗೀ, ನೀನು ಹಾಲು ಕಾಯಿಸ್ತಿದ್ದಾಗ ನಾನು ಗಾಳಿ ಓದ್ತಿದ್ದೆ," ಎಂದ.

ಗಂಡಸರು ಕೆಳಗಿಂದಲೇ ಹೋದರು. ಬೀಚ್ ಮರಗಳ ನಡುವೆ ಮೇಯುತ್ತಿದ್ದ ಹಿಂಡು, ಮೊದಲನೆಯ ಬೇಟೆಗಾರ ಹಳ್ಳ ದಾಟುವ ಮೊದಲೇ ತಲೆಯೆತ್ತಿತು. ಚರ್ಚೇ ಗುಡ್ಡ ಹತ್ತಿಕೊಂಡು ಬಂದ ಹಾಗಿತ್ತು ಅವಕ್ಕೆ. ಒಂದು ಜಿಂಕೆ ಬೊಗಳಿತು, ಹಿಂಡೆಲ್ಲ ದಿಬ್ಬ ದಾಟಿ ಮಾಯ. ಮುರಿದ ಕಾಲಿನದು ಮಾತ್ರ ದಿಬ್ಬ ಹತ್ತಲಾರದೆ ಪಕ್ಕಕ್ಕೆ ಹೊರಳಿ, ಕುಂಟುತ್ತಾ ಕೊಪ್ಪರಿಗೆಯೊಳಗೆ ಇಳಿಯಿತು.

ಕೊಪ್ಪರಿಗೆಯೆಂದರೆ ತಿಲ್ಕಾಳ ಗೋಮಾಳದ ಕೆಳಗಿನ ಸುಣ್ಣಕಲ್ಲಿನ ಗುಂಡಿ. ಊರಿನ ಚೌಕ ಇಡಿಯಾಗಿ ಹಿಡಿಸುವಷ್ಟು ದೊಡ್ಡದು, ತಳದ ತುಂಬ ಕುಳ್ಳ ಪೈನ್ ಪೊದೆ, ಕೆಳಬದಿಗೆ ಒಂದೇ ಒಂದು ಕಿಂಡಿ. ಅಲ್ಲಿ ಯಾರೂ ಇದುವರೆಗೆ ಜಿಂಕೆ ಹೊಡೆದಿರಲಿಲ್ಲ. ಗಾಳಿ ಒಳಗೆ ಬಿದ್ದು ಸುತ್ತುತ್ತದೆ, ಯಾವ ಕಡೆಯಿಂದ ಹೋದರೂ ಬೇಟೆಗಾರನ ವಾಸನೆ ಜಿಂಕೆಯ ಮೂಗಿಗೇ ಹೋಗುತ್ತದೆ.

ಎರಡೂವರೆ ಗಂಟೆಗೆ ತಿಲ್ಕಾಳೂ ಸೇರಿ ಎಲ್ಲರೂ ಕಿಂಡಿಯಿಂದ ಬಲು ಕೆಳಗೆ, ಮರ ಸಾಗಿಸುವ ರಸ್ತೆಯಲ್ಲಿ ನಿಂತಿದ್ದರು. ಗಾಶ್ಪರ್ ಗಾಳಿಯನ್ನು ಬೈದ, ಪೊದೆಯನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೋವ್ರೋ ಮಾತ್ರ ತನ್ನ ಕೋಟಿನ ತೋಳನ್ನು ಮೂಸಿ ನೋಡಿ, ಯಾರಾದರೂ ನೋಡಿದರೇನೋ ಎಂದು ಕೈ ಇಳಿಸಿದ. ತಿಲ್ಕಾ ನೋಡಿದ್ದಳು.

"ಒಂದು ದಾರಿ ಇದೆ," ಎಂದಳು. "ಗುಡಿಸಲ ಹೊಗೇನ ಇಪ್ಪತ್ತೆರಡು ವರ್ಷ ನೋಡಿದೀನಿ. ಹಗಲೆಲ್ಲ ಕೊಪ್ಪರಿಗೆ ಮೇಲೆ ಗಿರಗಿರ ಸುತ್ತುತ್ತೆ. ಬಿಸಿಲು ಬಂಡೆ ಬಿಟ್ಟ ಕೂಡಲೇ, ಸೋಸೋ ಬಟ್ಟೆಯಿಂದ ನೀರಿಳಿದ ಹಾಗೆ ನೆಟ್ಟಗೆ ಕೆಳಗಿಳಿದು ಕಿಂಡಿಯಿಂದ ಆಚೆ ಹೋಗುತ್ತೆ. ಅರ್ಧ ಗಂಟೆ ಹಾಗೇ ಇರುತ್ತೆ. ಆಗ ಮೇಲಿನ ಅಂಚಿನಲ್ಲಿ ಒಬ್ಬರು ನಿಂತು ವಾಸನೆ ಬಿಟ್ರೆ ಸಾಕು, ಅದು ಎದ್ದು ಕಿಂಡಿ ಕಡೆ ನಡೆಯುತ್ತೆ. ಕಿಂಡೀಲಿ ಕೂತವರ ವಾಸನೆ ಅದಕ್ಕೆ ಸಿಗೋದೇ ಇಲ್ಲ."

"ಆಹಾ," ಎಂದ ಗಾಶ್ಪರ್. "ನಾವು ಮೇಲೆ ಹೋಗಿ ನಾರಬೇಕು, ನೀನು ಕೆಳಗೆ ಕೂತು ಹೊಡೀಬೇಕು. ಕುರ್ಚಿಗೆ ಒಳ್ಳೆ ದಾರಿ ಹುಡುಕಿದೀಯ!"

ತಿಲ್ಕಾ ಅದನ್ನೇ ಹೇಳಬೇಕೆಂದಿದ್ದಳು, ನಿಜ. ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಅವನ ಕೋಟಿನಿಂದ ಸಾಂಬ್ರಾಣಿ ಘಮ್ಮೆಂದು ಬಂದು ಅವಳ ಮುಖಕ್ಕೇ ಬಡಿಯಿತು. ಈ ವಾಸನೆ ಮೇಲಿನಿಂದ ಇಳಿದರೆ ಜಿಂಕೆ ನಡೆಯುವುದಿಲ್ಲ, ಹುಚ್ಚೆದ್ದು ಓಡುತ್ತದೆ, ಬಂಡೆಯಿಂದ ಉರುಳಿ ಇನ್ನೊಂದು ಕಾಲನ್ನೂ ಮುರಿದುಕೊಳ್ಳುತ್ತದೆ. ಅದಕ್ಕೆ ಪರಿಚಯದ ವಾಸನೆ ಬೇಕು. ಬೇಸಿಗೆಯೆಲ್ಲ ಕೊಪ್ಪರಿಗೆಗೆ ಇಳಿಯುವ ಹಸುವಿನ, ಹಾಲಿನ, ಸೌದೆಹೊಗೆಯ ವಾಸನೆ ಬಂದರೆ ಜಿಂಕೆಗಳು ಹೆದರದೆ ಎದ್ದು, ಆಕಳಿಸುವವರ ಹಾಗೆ ನಿಧಾನವಾಗಿ ಜಾಗ ಬಿಟ್ಟುಕೊಡುತ್ತವೆ. ಅಂಥ ವಾಸನೆಯ ಮನುಷ್ಯ ಆ ರಸ್ತೆಯಲ್ಲಿ ಒಬ್ಬಳೇ ಇದ್ದಳು.

ಎರಡು ವರ್ಷದ ಆಸೆ!

"ಇಲ್ಲ," ಎಂದಳು. "ಮೇಲೆ ನಾನೇ ಹೋಗ್ತೀನಿ. ಕಿಂಡೀಲಿ ಲೋವ್ರೋ ಮಾವ ಕೂರಲಿ. ಒಂದೇ ಗುಂಡಿಗೆ ಮುಗೀಬೇಕು, ಆ ಜೀವ ಸಾಕಷ್ಟು ಅನುಭವಿಸಿದೆ."

ಲೋವ್ರೋ ಅವಳನ್ನು ದಿಟ್ಟಿಸಿದ. "ಇವತ್ತು ನಿನ್ನ ಕೊನೇ ದಿನ, ಗೊತ್ತಿದೆ ತಾನೇ?"

"ಗೊತ್ತಿದೆ. ಅದರದ್ದೂ ಕೊನೇ ದಿನ. ಬಂಡೆ ಮೇಲಿನ ಬಿಸಿಲು ಹೋದಮೇಲೆ ಕಣ್ಣು ಮಿಟುಕಿಸಬೇಡಿ, ಅಷ್ಟೇ."

ಒಂದು ಗಂಟೆಯ ಸುತ್ತುದಾರಿಯನ್ನು ಅವಳು ಮುಕ್ಕಾಲು ಗಂಟೆಯಲ್ಲಿ ಹತ್ತಿದಳು. ಅಂಚಿನ ಹಿಂದೆ ಮೊಣಕಾಲೂರಿ ಕೂತು, ಜೇಬಿನಿಂದ ಉಣ್ಣೆಯ ಒಂದು ಎಳೆ ತೆಗೆದು ಗಾಳಿಗೆ ಬಿಟ್ಟಳು. ಎಳೆ ಮೇಲೆದ್ದು, ಸುತ್ತಿ, ಅವಳ ಟೊಪ್ಪಿಗೆಗೇ ಬಂದು ಅಂಟಿತು. ಇನ್ನೂ ಹೊತ್ತಾಗಿಲ್ಲ. ಎದುರು ಬಂಡೆಯ ಮೇಲೆ ಬಿಸಿಲು ಚಾಪೆಯಷ್ಟಿತ್ತು, ಆಮೇಲೆ ಟವೆಲಿನಷ್ಟಾಯಿತು. ತಳದ ಪೊದೆಯ ನಡುವೆ ಎರಡು ಕಿವಿ ಕಾಣುತ್ತಿದ್ದವು, ಒಂದು ಆ ಕಡೆ, ಒಂದು ಈ ಕಡೆ. ಬಂಡೆ ಬೂದಿಬಣ್ಣಕ್ಕೆ ತಿರುಗಿತು. ಕೆನ್ನೆಯ ಮೇಲೆ ತಣ್ಣಗೆ ಏನೋ ಸವರಿತು. ಎರಡನೆಯ ಎಳೆ ಬಿಟ್ಟಳು. ಅದು ಹಾವಿನ ಹಾಗೆ ನೆಲ ಹಿಡಿದು ಕೊಪ್ಪರಿಗೆಯೊಳಗೆ ಇಳಿದುಹೋಯಿತು.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ತಿಲ್ಕಾ ಎದ್ದು ನಿಂತು ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಎರಡೂ ಕೈಯಿಂದ ಅಗಲಿಸಿ ಹಿಡಿದಳು. ಊರವರೆಲ್ಲ ಮೂಗು ಮುರಿದ ವಾಸನೆಯನ್ನು ಹಿಡಿ ಹಿಡಿಯಾಗಿ ಬಿತ್ತಿದಳು.

ಕಿವಿಗಳೆರಡೂ ಅವಳ ಕಡೆಗೆ ತಿರುಗಿದವು. ಜಿಂಕೆ ಎದ್ದಿತು. ಮೂಗೆತ್ತಿ ಮೂಸಿತು. ಓಡಲಿಲ್ಲ. ಮುರಿದ ಕಾಲನ್ನು ಎತ್ತಿ ಹಿಡಿದು, ಪಕ್ಕೆ ಇಡಿಯಾಗಿ ಕಾಣುವ ಹಾಗೆ ಅಡ್ಡಲಾಗಿ ನಿಂತಿತು.

ಬಂದೂಕು ಅವಳ ಬೆನ್ನಿನಲ್ಲೇ ಇತ್ತು. ನೂರೆಂಬತ್ತು ಹೆಜ್ಜೆ ದೂರ. ಅಲ್ಲಿ ನಿಂತಿರುವುದು ಜಿಂಕೆಯಲ್ಲ, ಅವಳ ಕುರ್ಚಿ. ಕೈ ತಾನಾಗಿಯೇ ಬಂದೂಕಿನ ಪಟ್ಟಿಗೆ ಹೋಯಿತು. ಹೊಡೆಯಬಹುದಿತ್ತು. ಹತ್ತಕ್ಕೆ ಏಳು ಸಲ ತಾಗುತ್ತಿತ್ತು. ಉಳಿದ ಮೂರು ಸಲ? ಅವಳು ಕೈಯನ್ನು ಪಟ್ಟಿಯಿಂದ ತೆಗೆದು ಮತ್ತೆ ಕೋಟಿನ ಅಂಚು ಹಿಡಿದಳು. ಈ ಕೈ ಅವತ್ತು ಬಂದೂಕು ಹಿಡಿಯದೇ ಇದ್ದದ್ದಕ್ಕೆ ಅವಳಿಗೆ ಆಮೇಲೆ ಯಾವ ದಿನವೂ ಪಶ್ಚಾತ್ತಾಪವಾಗಲಿಲ್ಲ. ಆ ಗಳಿಗೆಯಲ್ಲಿ ಮಾತ್ರ ಕಣ್ಣು ತುಂಬಿ ಬಂದಿತ್ತು.

ಜಿಂಕೆ ತಿರುಗಿ, ಮೂರು ಕಾಲಿನಲ್ಲಿ ನಿಧಾನವಾಗಿ ಕಿಂಡಿಯ ಕಡೆ ನಡೆಯಿತು. ಒಂದೇ ಒಂದು ಗುಂಡಿನ ಸದ್ದು ಕೇಳಿಸಿತು.

ಅವಳು ಇಳಿದು ಬರುವ ಹೊತ್ತಿಗೆ ಗಂಡಸರೆಲ್ಲ ಕಿಂಡಿಯಲ್ಲಿ ಟೊಪ್ಪಿಗೆ ತೆಗೆದು ನಿಂತಿದ್ದರು. ಜಿಂಕೆ ಬಲಮಗ್ಗುಲಿಗೆ ಮಲಗಿತ್ತು, ಬಾಯಲ್ಲಿ ಸ್ಪ್ರೂಸ್ ಮರದ ಹಸಿರು ಕುಡಿ. ಕೊನೆಯ ತುತ್ತು ಅದು, ಕೊಡದೆ ಯಾರೂ ಜಿಂಕೆಯನ್ನು ಮುಟ್ಟುವುದಿಲ್ಲ. ಗಾಶ್ಪರ್ ಇನ್ನೊಂದು ಕುಡಿಯನ್ನು ಗಾಯಕ್ಕೆ ಮುಟ್ಟಿಸಿ, ತನ್ನ ಟೊಪ್ಪಿಗೆಯ ಮೇಲಿಟ್ಟು ಲೋವ್ರೋಗೆ ಒಪ್ಪಿಸಿದ. ಈ ಕುಡಿ ಯಾರ ಟೊಪ್ಪಿಗೆಗೆ ಏರುತ್ತದೋ ಜಿಂಕೆ ಅವರದು. ನಾಯಿ ಮೂಸಿ ಹುಡುಕಿಕೊಟ್ಟಿದ್ದರೆ, ಹೊಡೆದವನು ಅದರಿಂದ ಒಂದು ಚೂರು ಮುರಿದು ನಾಯಿಯವನಿಗೆ ಕೊಡುತ್ತಾನೆ. ನಾಯಿಯ ಪಾಲು.

ಲೋವ್ರೋ ಕುಡಿಯ ತುದಿಯಲ್ಲಿ ಬೆರಳುದ್ದ ಮುರಿದ. ಎಲ್ಲರೂ ನೋಡುತ್ತಿರುವಂತೆ ಅದನ್ನು ತಿಲ್ಕಾಳ ಮುಂದೆ ಹಿಡಿದ. ಅವನ ಮಟ್ಟಿಗೆ ಅದು ದೊಡ್ಡ ಮರ್ಯಾದೆಯೇ. ಕಣಿವೆಯಲ್ಲಿ ಯಾವ ಹೆಂಗಸಿಗೂ ಅಷ್ಟು ಸಿಕ್ಕಿರಲಿಲ್ಲ.

ತಿಲ್ಕಾ ಕೈ ಚಾಚಲಿಲ್ಲ.

"ಬೇಡ ಮಾವ."

"ತಗೋ ಹುಡುಗಿ. ಪದ್ಧತಿ."

"ಪದ್ಧತಿ ನನಗೂ ಗೊತ್ತು. ಅದು ನಾಯಿ ಪಾಲು. ನಾನು ಮೂಸಿಕೊಂಡು ಹಿಂದೆ ಹೋದವಳಲ್ಲ. ಗಾಳಿ ಯಾವಾಗ ತಿರುಗುತ್ತೆ, ಅದು ಯಾವಾಗ ಏಳುತ್ತೆ, ಎಲ್ಲಿ ಬರುತ್ತೆ, ಮೂರೂ ನಾನೇ ಹೇಳಿದ್ದು. ನನಗೆ ಕುರ್ಚಿ ಇಲ್ಲ ಅಂದ್ರೆ ಇಲ್ಲ, ಬೇಸಿಗೆಗೆ ಹಸು ಹೊಡ್ಕೊಂಡು ಮೇಲೆ ಹೋಗ್ತೀನಿ. ನಾಯಿ ಪಾಲು ಮಾತ್ರ ನನ್ನ ಟೊಪ್ಪಿಗೆ ಮೇಲೆ ಕೂರಲ್ಲ."

ಲೋವ್ರೋನ ಮುಖ ಕೆಂಪಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ಅವನು, ಐವತ್ತು ವರ್ಷದಿಂದ ಯಾರಿಗೂ ಸೋಲೊಪ್ಪಿದವನಲ್ಲ. ಎಡಗೈಯ ಚೂರನ್ನು ನೋಡಿದ, ಬಲಗೈಯ ಕುಡಿಯನ್ನು ನೋಡಿದ. ಆಮೇಲೆ ಚೂರನ್ನು ತನ್ನ ಟೊಪ್ಪಿಗೆಯ ಪಟ್ಟಿಗೆ ಸಿಕ್ಕಿಸಿಕೊಂಡ.

"ಕೂತ ಜಾಗದಿಂದ ನಾನು ಅಲ್ಲಾಡಲಿಲ್ಲ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಅದಾಗೇ ನಡ್ಕೊಂಡು ನನ್ನ ಮುಂದೆ ಬಂತು. ನನಗೆ ಇಷ್ಟು ಸಾಕು, ಇದೂ ಹೆಚ್ಚೇ."

ದೊಡ್ಡ ಕುಡಿಯನ್ನು ಟೊಪ್ಪಿಗೆಯ ಮೇಲಿಟ್ಟು ಎರಡೂ ಕೈಯಿಂದ ಅವಳಿಗೆ ಚಾಚಿದ. ತಿಲ್ಕಾ ತೆಗೆದುಕೊಂಡಳು. ಇಪ್ಪತ್ತೆರಡು ಬೇಸಿಗೆಗಳೂ ಎದ್ದು ಬಂದು ತನ್ನ ಬೆನ್ನ ಹಿಂದೆ ನಿಂತಿವೆ ಎನ್ನುವಷ್ಟು ಹೆಮ್ಮೆ ಅವಳಿಗೆ. ಹದಿನೆಂಟು ಜನ ಒಬ್ಬೊಬ್ಬರಾಗಿ ಬಂದು ಕೈ ಕುಲುಕಿದರು. ಗಾಶ್ಪರ್ ಕೊನೆಯಲ್ಲಿ ಬಂದು ಕುಲುಕಿ ಸರಿದ.

ಜಿಂಕೆಯನ್ನು ರಸ್ತೆಗೆ ಸಾಗಿಸಬೇಕಿತ್ತು. ತಿಲ್ಕಾ ಅಭ್ಯಾಸಬಲದಿಂದ ಬಗ್ಗಿ ಹಿಂಗಾಲಿಗೆ ಕೈ ಹಾಕಿದಳು. ಎರಡು ವರ್ಷ ಎಲ್ಲರ ಜಿಂಕೆಯನ್ನೂ ಎಳೆದವಳು ಅವಳೇ.

ಲೋವ್ರೋ ಅವಳ ಕೈ ಬಿಡಿಸಿ ತಾನೇ ಬಗ್ಗಿದ. "ಬಿಡು ತಿಲ್ಕಾ," ಎಂದ. "ಜಿಂಕೆ ಯಾರದೋ ಅವರೇ ಅದನ್ನ ಹೊರೋದು ನಮ್ಮ ಸಂಘದಲ್ಲಿಲ್ಲ. ಗಾಶ್ಪರ್, ಆ ಕಾಲು ಹಿಡ್ಕೊ."