ಹೊತ್ತು ಮುಳುಗಿದ ಮೇಲೆ ಒಂದು ರೊಟ್ಟಿ

ಶೋಭಾ ಮಾಡುವ ಕೆಲಸಕ್ಕೆ ಗೋಕಾಕದಲ್ಲಿ ಇನ್ನೂ ಹೆಸರು ಹುಟ್ಟಿರಲಿಲ್ಲ. ಪುಣೆಯಲ್ಲಿ ಕಲಿತು ಬಂದಿದ್ದಳು. ಮುದುಕರ ಡಾಕ್ಟರು, ಗುಳಿಗೆ, ಊಟ, ಮಕ್ಕಳ ಜಗಳ ಎಲ್ಲವನ್ನೂ ಸಂಭಾಳಿಸುವ ಕೆಲಸ. ಕಾಲು ಒತ್ತುವುದಿಲ್ಲ, ಅಡುಗೆ ಮಾಡುವುದಿಲ್ಲ ಎಂದರೆ ಜನ "ಹಂಗಾರ ನೀವು ಮಾಡೂದರ ಏನ್ರಿ?" ಎನ್ನುತ್ತಿದ್ದರು. ಅವರನ್ನು ಬೈದು ಏನು ಬಂತು? ಎರಡು ಸಾವಿರದ ಮೂರರಲ್ಲಿ ಅವಳ ಸ್ವಂತ ತಾಯಿಗೇ ಅದು ತಿಳಿದಿರಲಿಲ್ಲ.

ಜಿನ್ನವ್ವನ ಮಕ್ಕಳು ಮಾತ್ರ ಏನೂ ಕೇಳದೆ ಅವಳನ್ನು ಕರೆಸಿಕೊಂಡರು. ಗೋಕಾಕದಲ್ಲಿ ನೇಮಿನಾಥ, ಮೂಡಲಗಿಯಲ್ಲಿ ವೃಷಭ, ಹುಕ್ಕೇರಿಯಲ್ಲಿ ಗೊಮ್ಮಟೇಶ. ಅಮಾವಾಸ್ಯೆ ಬಂತೆಂದರೆ ಪಾಳಿ ಪ್ರಕಾರ ಮುದುಕಿ ಗಂಟು ಕಟ್ಟಿಕೊಂಡು ಮುಂದಿನ ಮಗನ ಮನೆಗೆ. ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಮರೆಯುತ್ತಿದ್ದರು, ಇನ್ನೊಂದರಲ್ಲಿ ಎರಡು ಸಲ ಕೊಡುತ್ತಿದ್ದರು. ಶೋಭಾ ಮೂರೂ ಮನೆಗೆ ಒಂದೇ ನೇಮ ಹಾಕಿದಳು: ಗುಳಿಗೆ ರಾತ್ರಿ ಎಂಟಕ್ಕೆ, ಊಟದ ಮೇಲೆ. ಪುಣೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರು.

ಮುಂದಿನ ಪಾಳಿಯಲ್ಲಿ ಜಿನ್ನವ್ವ ಮೂಡಲಗಿಯಲ್ಲಿ ನಸುಕಿಗೆ ಬೆವತು, ನಡುಗಿ, ಬಚ್ಚಲ ಬಾಗಿಲಲ್ಲಿ ಬಿದ್ದಳು. ಅಲ್ಲಿನ ಮರುಪಾಳಿಯಲ್ಲೂ ಬಿದ್ದಳು. ಗೋಕಾಕ, ಹುಕ್ಕೇರಿಯಲ್ಲಿ ಮಾತ್ರ ಗಟ್ಟಿಮುಟ್ಟು. ಮಂದಿಗೆ ಇನ್ನೇನು ಬೇಕು? ಮೂಡಲಗಿ ಸೊಸೆ ಶುಭಾಂಗಿ ಅತ್ತೆಯನ್ನು ಉಪವಾಸ ಕೆಡವುತ್ತಾಳೆಂದು ಬೀಗರ ತನಕ ಸುದ್ದಿ ಹೋಯಿತು. ಮೂಡಲಗಿ ಪಾಳಿಯನ್ನೇ ತೆಗೆದುಹಾಕಬೇಕೆಂದು ನೇಮಿನಾಥ ರವಿವಾರ ಎಲ್ಲರನ್ನೂ ಗೋಕಾಕಕ್ಕೆ ಕರೆದ.

ಅದಕ್ಕೂ ಮೊದಲು ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಶೋಭಾ ಹೇಳದೆ ಕೇಳದೆ ಗೋಕಾಕದ ಮನೆಗೆ ಹೋದಳು. ನೇಮಿನಾಥ ಅಂಗಡಿಯಲ್ಲಿದ್ದ. ಜಿನ್ನವ್ವ ಟೀವಿ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಶೋಭಾಳನ್ನು ಕಂಡದ್ದೇ ತಾಟನ್ನು ಮಂಚದ ಕೆಳಗೆ ತಳ್ಳಿದಳು. ಬಾಯಿ ತುಂಬಿದ್ದರಿಂದ ಬಾ ಎನ್ನಲಾಗಲಿಲ್ಲ.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಜಿನ್ನವ್ವನ ನೇಮವೆಂದರೆ ಬಳಗಕ್ಕೆಲ್ಲ ಹೆಸರಾದದ್ದು.

"ಮೂಡಲಗ್ಯಾಗ ಮಾತ್ರ ಹೊತ್ತ ಇರೂತನಾನ ಉಣ್ಣತೇನವಾ" ಎಂದಳು ಮುದುಕಿ, ತುತ್ತು ನುಂಗಿ.

"ಮತ್ತ ಗುಳಿಗಿ?"

"ಎಂಟಕ್ಕ. ನೀನ ಹೇಳೀಯಲ್ಲ. ನೀರಿಲ್ಲದ ಒಣಾ ನುಂಗಿದ್ರ ನೇಮ ಕೆಡೂದಿಲ್ಲ."

ಅದು ಯಾವ ಶಾಸ್ತ್ರದಲ್ಲಿದೆ ಎಂದು ಶೋಭಾ ಕೇಳಲಿಲ್ಲ. ಮೂಡಲಗಿಯಲ್ಲಿ ಬೇಗ ಉಂಡದ್ದು ಅರಗಿಹೋಗಿ, ಬರಿಹೊಟ್ಟೆಯಲ್ಲಿ ಗುಳಿಗೆ ಬೆಳತನಕ ಸಕ್ಕರೆ ಇಳಿಸುತ್ತಿತ್ತು. ಎಂಟಕ್ಕೆ ಎಂದವಳು ತಾನು. ಈ ಮನೆಯವರು ಉಣ್ಣುವುದು ಯಾವಾಗ ಎಂದು ಕೇಳದವಳೂ ತಾನೇ.

"ಅಲ್ಲೂ ರಾತ್ರಿ ಉಣ್ಣಬಹುದಿತ್ತಲ್ರಿ, ಆಯಿ?"

"ಹುಚ್ಚಿ ಅದೀಯೇನ? ಶುಭಾಂಗಿಗೆ ನೇಮ ಕಲಿಸಿದಾಕಿ ನಾನು. ಹೊಸದಾಗಿ ಬಂದಾಗ ಜ್ವರದಾಗ ನೀರ ಕೇಳಿದ್ಳು. ಹೊತ್ತ ಹುಟ್ಟೂತನಾ ಕೊಡಲಿಲ್ಲ ನಾ. ಈಗ ಆಕಿ ಮುಂದ ಟೀವಿ ನೋಡಕೋತ ರೊಟ್ಟಿ ಮುರೀಲೇನು? ಉಳದ ಇಬ್ಬರೂ ಸೊಸ್ತ್ಯಾರಿಗೆ ಆಣಿ ಹಾಕೇನಿ. ನೀನೂ ಯಾರ ಮುಂದೂ ಆಡಬ್ಯಾಡ."

"ನಾ ಆಡೂದಿಲ್ರಿ. ಆದ್ರ ಶುಭಾಂಗಿ ಹೆಸರ ಕೆಟ್ಟೈತಿ."

ಜಿನ್ನವ್ವ ಟೀವಿಯ ಕಡೆ ತಿರುಗಿದಳು.

ಶೋಭಾ ಡಾಕ್ಟರನ್ನು ಕಂಡು, ಗುಳಿಗೆಯನ್ನು ಗಡಿಯಾರ ನೋಡಿ ಅಲ್ಲ, ತಾಟು ನೋಡಿ ಕೊಡಬೇಕೆಂದು ಬದಲಾಯಿಸಿಕೊಂಡು ಬಂದಳು. ಅದು ಸುಲಭದ ಕೆಲಸ. ರವಿವಾರದ್ದು ಸುಲಭವಿರಲಿಲ್ಲ.

"ತಪ್ಪು ನಂದೈತ್ರಿ" ಎಂದಳು ಎಲ್ಲರೆದುರು. "ಮೂಡಲಗ್ಯಾಗ ಆಯಿ ಬೇಗ ಉಣ್ಣತಾರ. ಗುಳಿಗಿ ತಡಾ ಮಾಡಿಸಿದೆ."

"ನಮ್ಮನ್ಯಾಗೂ ಬೇಗನ ಉಣ್ಣತಾಳ್ರೀ ನಮ್ಮವ್ವ" ಎಂದ ನೇಮಿನಾಥ. "ಅದ ಗುಳಿಗಿ, ಅದ ಎಂಟು. ಇಲ್ಲಿ ಯಾಕ ಬೀಳಲಿಲ್ಲ, ಹೇಳ್ರಿ?"

ಶೋಭಾಳ ಬಳಿ ಉತ್ತರವಿತ್ತು, ಕೊಡುವ ಹಕ್ಕಿರಲಿಲ್ಲ. ಹಿರಿಯ ಸೊಸೆ ಪದ್ಮವ್ವ ಇಲ್ಲದ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಹುಕ್ಕೇರಿಯ ಸೊಸೆ ಕಿಟಕಿಯ ಹೊರಗೆ ಏನನ್ನೋ ಕಂಡಳು.

"ನಾ ಉಪವಾಸ ಕೆಡವಿಲ್ರಿ" ಎಂದಳು ಶುಭಾಂಗಿ.

"ಸಾಕ ಬಿಡು. ಮೂಡಲಗಿ ಪಾಳಿ ಇವತ್ತಿಗೆ ಮುಗೀತು" ಎಂದ ನೇಮಿನಾಥ.

ಜಿನ್ನವ್ವ ಹೊರಗೆ ನೋಡಿದಳು. ಕತ್ತಲಾಗಿತ್ತು.

"ಶುಭಾಂಗೀ, ಹೊಟ್ಟಿ ಹಸದೈತಿ. ಒಂದ ರೊಟ್ಟಿ ತಾ."

"ಅತ್ತಿ, ಹೊತ್ತ ಮುಳುಗೇತ್ರಿ."

"ನನಗೂ ಕಣ್ಣ ಅದಾವು. ದಿನಾ ಇದ ಹೊತ್ತಿಗೆ ಉಣ್ಣತೇನಿ ನಾ. ಇಲ್ಲೂ, ಹುಕ್ಕೇರ್ಯಾಗೂ. ನಿನ್ನ ಮನ್ಯಾಗಷ್ಟ ದೊಡ್ಡಸ್ತನ."

ಶುಭಾಂಗಿ ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಮುದುಕಿಗೆ ಅವಮಾನಕ್ಕಿಂತ ಹೆಚ್ಚಾಗಿ, ಸೊಸೆ ಬರಿಗೈಯಲ್ಲಿ ಬಂದಾಳೆಂಬ ಹೆದರಿಕೆಯಾಯಿತು. ಅದು ಅವಳ ಮುಖದ ಮೇಲೇ ಕಾಣುತ್ತಿತ್ತು.

ಶುಭಾಂಗಿ ಬಂದಳು. ರೊಟ್ಟಿ, ಹೆಸರುಕಾಳಿನ ಪಲ್ಯದ ತಾಟನ್ನು ಅತ್ತೆಯ ಮುಂದಿಟ್ಟಳು. ಬಾಜೂಕ್ಕೆ ಯಾರೂ ಕೇಳದ ಒಂದು ತಂಬಿಗೆ ನೀರು. ಶೋಭಾಳ ಕೈಯಿಂದ ಗುಳಿಗೆ ಇಸಿದುಕೊಂಡು ಅತ್ತೆಯ ಅಂಗೈಗೆ ಹಾಕಿದಳು.

"ನೀರ ಕುಡದ ನುಂಗ್ರಿ, ಅತ್ತಿ. ಒಣಾ ನುಂಗಬ್ಯಾಡ್ರಿ."

ಜಿನ್ನವ್ವ ಅವಳ ಮುಖ ನೋಡಲಾರದೆ ತಂಬಿಗೆ ಎತ್ತಿ, ಎಲ್ಲರ ಮುಂದೆ, ಕುಡಿದಳು.