ಡ್ರೈವರನ ಕಿವಿ ಮತ್ತು ಎರಡು ಗಡುವು

ನಮ್ಮದು ಕಿವಿ ಯಂತ್ರದ ಅಂಗಡಿ. ದೊಡ್ಡ ಅಂಗಡಿಯಲ್ಲಿ ನಾನು, ಸೇತುವೆಯಾಚೆ ಶಾಖೆಯಲ್ಲಿ ನಮ್ಮಕ್ಕ. ಯಾರ ಕಿವಿಗೆ ಎಷ್ಟು ಜೋರು ಬೇಕು, ಯಾವ ಸದ್ದು ತಗ್ಗಿಸಬೇಕು ಅನ್ನುವುದನ್ನೆಲ್ಲ ಎರಡೂ ಕಡೆಯ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಹಾಗೆ ಜೋಡಿಸಿಕೊಟ್ಟವನು ನನ್ನ ಅಳಿಯ. ಹೇಗೆ ಅಂತ ನನ್ನ ಕೇಳಬೇಡಿ.

ಅಕ್ಕ ಕಾಲು ಮುರಿದುಕೊಂಡು ಶಾಖೆಗೆ ಒಂದು ತಿಂಗಳು ಬೀಗ ಬಿತ್ತು. ಅವಳು ಕೆಲಸ ಮಾಡಿದ ಕೊನೆಯ ದಿನ ನೆಟ್ ಬೇರೆ ಕೈಕೊಟ್ಟಿತ್ತು. ಒಬ್ಬ ಬಸ್ ಡ್ರೈವರನ ಯಂತ್ರವನ್ನು ಅವಳು ಒದ್ದಾಡಿ ಒದ್ದಾಡಿ ಹದಕ್ಕೆ ತಂದದ್ದು ಆವತ್ತೇ. ತಿಂಗಳು ಮುಗಿಯುವ ಹೊತ್ತಿಗೆ ಆ ಪುಣ್ಯಾತ್ಮ ಯಂತ್ರವನ್ನು ಅಂಗಿ ಜೇಬಲ್ಲಿಟ್ಟು ಒಗೆಯಲು ಹಾಕಿದ! ಮರುದಿನವೇ ಅವನಿಗೆ ಕಿವಿ ಪರೀಕ್ಷೆ; ಫೇಲಾದರೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಹೊಸ ಯಂತ್ರಕ್ಕೆ ಹಳೆಯ ಹದವೇ ಬೇಕು. ಅದು ಇರುವುದು ಶಾಖೆಯ ಕಂಪ್ಯೂಟರಿನಲ್ಲಿ ಮಾತ್ರ.

ನಾನು, ಅಕ್ಕ, ಡ್ರೈವರ ಮೂವರೂ ಶಾಖೆಗೆ ಹೋಗಿ ಕಂಪ್ಯೂಟರ್ ಹಾಕಿದರೆ, ‘ಅವಧಿ ಮುಗಿದಿದೆ, ಹೊಸದಾಗಿ ಶುರುಮಾಡಿ’ ಅಂತು.

“ಮುಗೀತು ಅಂದ್ರೆ? ಇವನ ಕಿವಿದೂ ಮುಗೀತಾ?” ಅಂದಳು ಅಕ್ಕ.

“ಏನಂತೆ?” ಅಂದ ಡ್ರೈವರ.

ಅಳಿಯನಿಗೆ ಫೋನ್ ಹಚ್ಚಿ ತರಾಟೆಗೆ ತೆಗೆದುಕೊಂಡೆ. “ಒಂದು ವರ್ಷ ಇಟ್ಕೊಳ್ಳುತ್ತೆ ಅಂತ ನೀನೇ ಹೇಳಿದ್ದೆಯಲ್ಲಪ್ಪಾ!”

“ಮಾವ, ಅದು ಯಾವಾಗ ಏನು ಹಂಚಿಕೊಂಡ್ವು ಅನ್ನೋ ವರದಿ ಇಟ್ಕೊಳ್ಳೋ ಗಡುವು. ಇದು ಬೇರೆ. ಶಾಖೆ ಎರಡು ವಾರ ತುಟಿ ಬಿಚ್ಚದಿದ್ರೆ ದೊಡ್ಡಂಗಡಿ ನಂಟು ಕಡಿಯುತ್ತೆ.”

“ವರದಿಗೆ ವರ್ಷ, ನಂಟಿಗೆ ಎರಡೇ ವಾರವಾ? ಯಾವ ಸೀಮೆ ನ್ಯಾಯ ಇದು?”

“ಸರಿ, ಹೊಸದಾಗಿ ಶುರುಮಾಡ್ತೀನಿ,” ಅಂತ ಅಕ್ಕ ಬೆರಳು ಚಾಚಿದಳು.

“ಅತ್ತೆ, ಒತ್ತಬೇಡಿ!” ಫೋನೇ ಒಡೆಯುವ ಹಾಗೆ ಕೂಗಿದ. “ಒತ್ತಿದ್ರೆ ದೊಡ್ಡಂಗಡಿಯ ಪ್ರತಿ ಬಂದು ಅಲ್ಲಿರೋದನ್ನ ಅಳಿಸಿಬಿಡುತ್ತೆ. ದೊಡ್ಡಂಗಡಿಗೆ ಡ್ರೈವರ್ ವಿಷಯ ಗೊತ್ತೇ ಇಲ್ಲ. ಮುಗಿದಿರೋದು ನಂಟು, ಮಾಹಿತಿ ಅಲ್ಲ. ಮೊದಲು ಅವರ ಪುಟ ತೆಗೆದು ಬರ್ಕೊಳ್ಳಿ, ಆಮೇಲೆ ಒತ್ತಿ.”

ಸತ್ತಿದೆ ಅಂದದ್ದು ಸತ್ತಿಲ್ಲವಂತೆ, ಶುರುಮಾಡಿದರೆ ಸಾಯುತ್ತದಂತೆ. ನನ್ನ ತಲೆ ಗಿರ್ ಅಂತು. ಅಕ್ಕ ಪುಟ ತೆಗೆದಳು. ಡ್ರೈವರನ ಹದ ಇದ್ದ ಹಾಗೇ ಕೂತಿತ್ತು. ಬರೆದುಕೊಂಡು, ಹೊಸ ಯಂತ್ರಕ್ಕೆ ತುಂಬಿ, ಅವನ ಕಿವಿಗೆ ಸಿಕ್ಕಿಸಿದಳು.

ನಾನಿನ್ನೂ ಫೋನಿನಲ್ಲೇ ಇದ್ದೆ. “ಹಾಗಾದ್ರೆ ಆ ಎರಡು ವಾರವನ್ನೂ ವರ್ಷ ಮಾಡಪ್ಪಾ!”

“ಮಾಡಿದ್ರೆ ಒಂದಕ್ಕೊಂದು ಹೇಳಬೇಕಾದ ಹಳೇದೆಲ್ಲ ಗುಡ್ಡೆ ಬಿದ್ದು ಎರಡೂ ಕಂಪ್ಯೂಟರ್ ತೆವಳ್ತವೆ, ಮಾವ.”

“ಇಟ್ಕೊಂಡ್ರೂ ಕಷ್ಟ, ಬಿಟ್ರೂ ಕಷ್ಟ ಅಂದ್ರೆ ನಾನೇನು ಮಾಡ್ಲಿ?”

ಡ್ರೈವರ ಕಿವಿ ಮುಟ್ಟಿ ನೋಡಿಕೊಂಡ. ಫೋನನ್ನೂ ನನ್ನನ್ನೂ ನೋಡಿದ. “ಅಲ್ಲ ಯಜಮಾನ್ರೇ, ಇಷ್ಟು ಹೊತ್ತು ಬಾಯಿ ಬಡ್ಕೊಂಡಿದ್ದು ಇದಕ್ಕಾ? ನಾನು ಮನೆ ಪಾಲಿನ ಜಗಳ ಅನ್ಕೊಂಡಿದ್ದೆ.”