ಊಟದ ಹೊತ್ತಿಗೆ ಬೆಳೆದ ಬಳ್ಳಿ

ಕಸೂತಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಅಂತಲೇ ಕರೆಯುತ್ತಿದ್ದರು. ಪೆನ್ಸಿಲ್ ಹಿಡಿದು ಒಂದು ಸಲ ಎಳೆದರೆ ಮುಗಿಯಿತು, ಆ ಗೆರೆಯನ್ನು ಅಳಿಸುವ ಮಾತೇ ಇರಲಿಲ್ಲ. ಅವಳ ಡಬ್ಬಿಯಲ್ಲಿದ್ದ ರಬ್ಬರು ಮೂಲೆ ಸವೆಯದೆ, ಇದ್ದಲ್ಲೇ ಒಣಗಿ ಬಿರುಕು ಬಿಟ್ಟಿತ್ತು. "ಕೆಲಸವೇ ಮಾಡದೆ ವಯಸ್ಸಾಯ್ತಲ್ಲಕ್ಕಾ ಇದಕ್ಕೆ, ಪಿಂಚಣಿ ಕೊಟ್ಟು ಕಳಿಸು," ಎಂದು ಅಂಗಡಿ ನಡೆಸುವ ತಮ್ಮ ಆಗಾಗ ಕೆಣಕುತ್ತಿದ್ದ.

ಅಂಥ ಗೆರೆಯಕ್ಕ ಆ ದಿನ, ಇನ್ನು ಕೆಲಸ ಬಿಟ್ಟುಬಿಡುತ್ತೇನೆ ಎಂದು ಹೇಳಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಕಾರಣ ಮೇಜಿನ ಮೇಲೆಯೇ ಹರಡಿಕೊಂಡಿತ್ತು. ನೀಲಿ ಬಟ್ಟೆಯ ಉದ್ದ ಕೋಟಿನ ಎದೆಯ ಎರಡು ಭಾಗಗಳು. ಒಂದೊಂದರ ಮೇಲೂ ಒಂದೊಂದು ಬಳ್ಳಿ, ಎರಡರದೂ ಬೇರೆ ಬೇರೆ ತಿರುವು. ಗುಂಡಿ ಹಾಕಿದಾಗ ಈ ಕಡೆಯ ಅರ್ಧ ಹೂವು, ಆ ಕಡೆಯ ಅರ್ಧ ಹೂವು ನಡುವೆ ಕೂಡಿ ಒಂದು ಹೂವಾಗಬೇಕು. ಕೂಡಿರಲಿಲ್ಲ. ಮಾತು ಬಿಟ್ಟ ನೆರೆಮನೆಯವರ ಹಾಗೆ ಅವು ಒಂದರ ಪಕ್ಕ ಒಂದು, ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿದ್ದವು. ಇನ್ನೂ ಸೂಜಿ ತಾಗಿರಲಿಲ್ಲ, ಬಟ್ಟೆಯ ಮೇಲೆ ಅವಳ ಕಾಗದದಿಂದ ಇಳಿಸಿದ ಸೀಮೆಸುಣ್ಣದ ಗುರುತು ಮಾತ್ರ. ಅಷ್ಟು ಪುಣ್ಯ.

ಇದು ಮೊದಲ ಸಲವಾಗಿದ್ದರೆ ಸರಿ. ಹಿಂದೆ ಒಂದು ಶಾಲಿನ ತುದಿ ತಪ್ಪಿತ್ತು. ಆಮೇಲೆ ಒಂದು ಮೇಜುಹಾಸಿನ ಅಂಚು ಮೂಲೆಯಲ್ಲಿ ಸೇರಿರಲಿಲ್ಲ. ಆಗೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವ ತಮ್ಮನ ಮಗಳು ಅಲ್ಲೊಂದು ಎಲೆ, ಇಲ್ಲೊಂದು ಸುರುಳಿ ಸೇರಿಸಿ ಹೇಗೋ ಸರಿದೂಗಿಸಿದ್ದಳು. ಒಂದು ಮಾತೂ ಆಡಿರಲಿಲ್ಲ. ಆಡಿದ್ದರೇ ವಾಸಿಯಿತ್ತು ಎಂದು ಗೆರೆಯಕ್ಕನಿಗೆ ಅನಿಸಿತ್ತು.

ಕೈ ನಡುಗುತ್ತಿರಬೇಕು. ಬೇರೇನಿರಲು ಸಾಧ್ಯ? ಮನೆಯಲ್ಲಿ ಯಾರೂ ಇಲ್ಲದಾಗ ಲೋಟದ ತುಂಬ ನೀರು ಹಿಡಿದು ನಿಂತು ನೋಡಿದ್ದಳು. ನೀರು ಅಲುಗಲಿಲ್ಲ. ಹಾಗಾದರೆ ನಾನು ನೋಡದೇ ಇದ್ದಾಗ ನಡುಗುತ್ತದೆ, ಕಳ್ಳ ಕೈ, ಎಂದುಕೊಂಡಿದ್ದಳು. ಶಾಲೆ ಬಿಟ್ಟ ವರ್ಷವೇ ಪೆನ್ಸಿಲ್ ಹಿಡಿದು ಕೂತವಳು. ಅವಳಿಗೆ ಬರುತ್ತಿದ್ದುದು ಅದೊಂದೇ. ತಮ್ಮನೇನೂ ಹೊರಗೆ ಹಾಕುವವನಲ್ಲ. ಮೂಲೆಯಲ್ಲೊಂದು ಕುರ್ಚಿ ಹಾಕಿ, ಚಹಾ ಕೊಟ್ಟು, ದಾರ ಸುತ್ತಲು ಹಚ್ಚುತ್ತಾನೆ. ಆ ಕುರ್ಚಿಯಲ್ಲಿ ಕೂರುವುದಕ್ಕಿಂತ ತಾನೇ ಬಿಟ್ಟು ಹೋಗುವುದು ವಾಸಿ.

"ನಿನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು ಕಣೋ," ಎಂದಳು.

ತಮ್ಮನ ಕಿವಿಯಲ್ಲಿ ಫೋನಿತ್ತು. "ಊಟ ಆದ ಮೇಲೆ ಹೇಳುವಿಯಂತೆ ಅಕ್ಕಾ, ಕೋಟಿನ ಆರ್ಡರು ಕೊಟ್ಟವರೇ ಮಾತಾಡ್ತಿದ್ದಾರೆ."

ಅಂಗಡಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು. ಅದರ ಪರದೆಯನ್ನು ಗೆರೆಯಕ್ಕ ಮೇಜಿನ ಮೇಲೆ ಅಂಗಾತ ಮಲಗಿಸಿ, ಮೇಲೊಂದು ಗಾಜು ಇಟ್ಟು, ಗಾಜಿನ ಮೇಲೆ ತೆಳು ಕಾಗದ ಹರಡುತ್ತಿದ್ದಳು. ಕೆಳಗಿನಿಂದ ಚಿತ್ರ ಬೆಳಗುತ್ತಿತ್ತು, ಅವಳು ಅದರ ಮೇಲೆ ಗೆರೆ ಎಳೆಯುತ್ತಿದ್ದಳು. ಅವಳು ಊಟಕ್ಕೆ ಎದ್ದಾಗ ತಮ್ಮ ಅದೇ ಪರದೆಯನ್ನು ಎಬ್ಬಿಸಿ, ಗೋಡೆಗೆ ಒರಗಿಸಿ, ಬಂದ ಆರ್ಡರುಗಳಿಗೆ ಉತ್ತರ ಬರೆಯುತ್ತಿದ್ದ. ಒಳಗೆ ಹೋಗಲು ಇಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡು. ಮನೆ ಒಂದೇ, ಒಲೆ ಎರಡು ಅನ್ನುತ್ತಿದ್ದ ತಮ್ಮ.

ಆ ದಿನ ಊಟವನ್ನು ಅರ್ಧಕ್ಕೇ ಬಿಟ್ಟಳು. ಬೇಗ ಎದ್ದು ಬಂದಳು. ತಮ್ಮ ಆಗಲೇ ತನ್ನ ಕೆಲಸ ಮುಗಿಸಿ ಪರದೆಯನ್ನು ಮತ್ತೆ ಮಲಗಿಸಿದ್ದ. ಹೇಳುವ ಮೊದಲು ಕೈ ಎಲ್ಲೆಲ್ಲಿ ಜಾರಿದೆ ಎಂದು ಕಣ್ಣಾರೆ ನೋಡಿಬಿಡೋಣ ಅನಿಸಿತು. ತನ್ನ ಹೆಸರಿನಲ್ಲಿ ಒಳಗೆ ಹೋಗಿ ಎಡಗಡೆಯ ಬಳ್ಳಿ ತೆರೆದಳು. ಎಂದಿನಂತೆ ಕಂಪ್ಯೂಟರು ತೋರಿಸುವ 'ಅಸಲಿ ಅಳತೆ'ಗೆ ತಂದಳು. ಹಿಂದಿನ ದಿನ ಊಟಕ್ಕೆ ಮೊದಲು ಎಳೆದ ಕಾಗದವನ್ನು ಅದರ ಮೇಲಿಟ್ಟಳು.

ಕೂಡಲಿಲ್ಲ. ಆದರೆ ಕೂಡದೇ ಇದ್ದ ರೀತಿಯೇ ಬೇರೆಯಾಗಿತ್ತು. ನಡುಗಿದ ಕೈಯಾದರೆ ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ತಪ್ಪಬೇಕು. ಇಲ್ಲಿ ಬುಡದಲ್ಲಿ ಗೆರೆ ಗೆರೆಗೆ ಕೂತಿತ್ತು. ಮೇಲೆ ಹೋದ ಹಾಗೆ ಪರದೆಯ ಬಳ್ಳಿ ಒಂದೇ ಸಮನೆ ಹಿಗ್ಗುತ್ತಾ, ತುದಿಗೆ ಬರುವಾಗ ಕಾಗದದ ಬಳ್ಳಿಯನ್ನು ಬೆರಳಗಲ ದಾಟಿತ್ತು.

ಆ ಕಾಗದ ತೆಗೆದಿಟ್ಟಳು. ಬಲಗಡೆಯ ಬಳ್ಳಿ ತೆರೆದಳು. ನಿನ್ನೆ ಊಟವಾದ ಮೇಲೆ ಎಳೆದ ಕಾಗದ ಇಟ್ಟಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕೂತಿತು.

"ಇಲ್ಲಿ ಬಾರೋ!" ಗೆರೆಯಕ್ಕ ಅಷ್ಟು ಜೋರಾಗಿ ಕೂಗಿದ್ದನ್ನು ಆ ಅಂಗಡಿ ಕೇಳಿರಲಿಲ್ಲ. ಹೊಲಿಗೆ ಯಂತ್ರ ನಿಂತಿತು. "ಚಿತ್ರ ಬೆಳೆದಿದೆ ಕಣೋ! ನಾನು ಊಟಕ್ಕೆ ಹೋಗಿ ಬರೋದರಲ್ಲಿ ಬೆಳೆದಿದೆ. ಏನು ಮಾಡ್ತೀಯ ನೀನು ಈ ಪರದೆಗೆ?"

"ನಾನಾ? ನಾನೇನು ಮಾಡ್ಲಿ?"

"ಅಪ್ಪಾ," ಎಂದಳು ಮಗಳು ಎದ್ದು ಬರುತ್ತಾ, "ನಿನ್ನ ಮುಖ ಹಾಲು ಕುಡಿದ ಬೆಕ್ಕಿನ ಹಾಗಿದೆ. ಬೇಗ ಹೇಳು."

ತಮ್ಮ ಕತ್ತು ಕೆರೆದುಕೊಂಡ. "ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣ್ತವೆ ಕಣೆ. ಅದಕ್ಕೆ ಪರದೆಯ ಅಳತೆ ಬದಲಾಯಿಸಿ ಎಲ್ಲ ದೊಡ್ಡದು ಮಾಡ್ಕೋತೀನಿ. ಬೇರೆ ಹೆಸರಲ್ಲಿ ಹೋಗ್ತೀವಲ್ಲ, ನನ್ನದು ನನಗಷ್ಟೇ ಅಂದ್ಕೊಂಡಿದ್ದೆ. ನೋಡಿದರೆ ಅಕ್ಕನ ಕಡೆಯೂ ದೊಡ್ಡದಾಗಿಬಿಡ್ತಿತ್ತು. ಪಾಪ, ಅವಳಿಗೆ ತೊಂದರೆ ಆಗಬಾರದು ಅಂತ, ಏಳುವಾಗ ಮೊದಲಿನ ಹಾಗೇ ಮಾಡಿಟ್ಟು ಏಳ್ತೀನಿ."

"ಮೊದಲಿನ ಹಾಗೆ ಅಂದರೆ ಯಾವ ಅಳತೆಗೆ?"

"ಅಲ್ಲೊಂದು ಪಟ್ಟಿ ಬರುತ್ತಲ್ಲ, ಅದರಲ್ಲಿ ಮೇಲಿನದೋ, ಅದರ ಕೆಳಗಿನದೋ. ಅಂದಾಜಿನ ಮೇಲೆ, ಒಂದೊಂದು ಸಲ ಒಂದೊಂದು."

"ಅಂದಾಜು!" ಗೆರೆಯಕ್ಕ ಹಣೆ ಚಚ್ಚಿಕೊಂಡಳು. "ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿನಗೆ?"

"ಏನಂತ ಹೇಳ್ಲಿ? ಕಣ್ಣು ಮಂದ ಆಗ್ತಿದೆ ಅಂತಲಾ? ಆಮೇಲೆ ನೀವಿಬ್ಬರೂ ಸೇರಿ ನನ್ನನ್ನ ಮೂಲೇಲಿ ಕುರ್ಚಿ ಹಾಕಿ ಕೂರಿಸಿ, ದಾರ ಸುತ್ತೋಕೆ ಹಚ್ಚೋಕಾ?"

ಗೆರೆಯಕ್ಕ ಅವನನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರೂ ನಿಲ್ಲಲಿಲ್ಲ. ಯಾಕೆ ಅಂತ ತಮ್ಮ ಕೇಳಿದರೂ ಹೇಳಲಾಗದೆ ಕೈ ಆಡಿಸಿದಳು.

ಮಗಳು ಪರದೆಯನ್ನು ಎಬ್ಬಿಸಿ ನಿಲ್ಲಿಸಿದಳು. ಮೊದಲು ಎಲ್ಲೋ ಒತ್ತಿ ಎಲ್ಲವನ್ನೂ ತಲೆಕೆಳಗು ಮಾಡಿದಳು. "ಇನ್ನು ನಾವೇ ತಲೆ ಕೆಳಗೆ ಮಾಡಿ ನಿಲ್ಲಬೇಕೇನೋ," ಎಂದ ತಮ್ಮ. "ನೀನು ಸುಮ್ಮನಿರಪ್ಪ, ನಿನ್ನ ಅಂದಾಜಿಗಿಂತ ವಾಸಿ," ಎಂದು ಬೈದು, ಹುಡುಕಿ, ಹೇಗೋ ಸರಿಮಾಡಿದಳು. ಪಟ್ಟಿಯ ತೀರ ಮೇಲಿನ ಸಾಲು, ಈ ಪರದೆಗೆ ತಕ್ಕದ್ದು ಎಂದು ಕಂಪ್ಯೂಟರೇ ಬರೆದುಕೊಂಡಿದ್ದ ಅಳತೆ, ಅದನ್ನೇ ಆರಿಸಿದಳು. ಆಮೇಲೆ ಅಪ್ಪನ ಹೆಸರಿನಲ್ಲಿ ಹೋಗಿ ಬೇರೊಂದು ಜಾಗ ತೆರೆದಳು. "ನೋಡು, ಅಕ್ಷರ ಮಾತ್ರ ಹಿಗ್ಗಿಸೋ ಜಾಗ ಇದು. ಇದು ನಿನ್ನ ಹೆಸರಿನ ಒಳಗೇ ಇರುತ್ತೆ, ಅತ್ತೆಯ ಕಡೆ ಕಾಲಿಡಲ್ಲ. ಸಾಕಾ? ಇನ್ನೂ ದಪ್ಪ ಬೇಕಾ?"

ತಮ್ಮ ಕಣ್ಣು ಕಿರಿದು ಮಾಡದೆ, ಕುರ್ಚಿಗೆ ಒರಗಿ ಕೂತುಕೊಂಡೇ ಪರದೆಯಲ್ಲಿದ್ದ ಕೋಟಿನವರ ಆರ್ಡರು ಓದಿದ. "ಅಯ್ಯೋ, ಇವರು ಹೂವು ಬಿಳಿ ಬೇಕು ಅಂದಿದ್ದಾರಾ? ನಾನು ಹಳದಿ ಅಂತ ಓದಿದ್ದೆ!"

"ಹೊಲಿಯೋಕೆ ಮೊದಲೇ ಓದಿದೆಯಲ್ಲ, ಬದುಕಿದೆ ನಾನು," ಎಂದಳು ಮಗಳು.

ಒಬ್ಬರ ಹೆಸರಿನಿಂದ ಹೊರಬಂದು ಇನ್ನೊಬ್ಬರ ಹೆಸರಿನಲ್ಲಿ ಹೋಗಿ, ಮತ್ತೆ ಹಿಂದೆ ಬಂದು ನೋಡಿದರು. ಅಪ್ಪನ ಕಡೆ ಅಕ್ಷರಗಳು ಕಡಲೆಕಾಳಿನಷ್ಟು ದಪ್ಪ. ಗೆರೆಯಕ್ಕನ ಕಡೆ ಎಡಗಡೆಯ ಕಾಗದ ಎಡಗಡೆಯ ಬಳ್ಳಿಯ ಮೇಲೆ ಬುಡದಿಂದ ತುದಿವರೆಗೆ ಸರಿಯಾಗಿ ಕೂತಿತು. ಅಷ್ಟಕ್ಕೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಚಿತ್ರದ ಒಂದು ಎಲೆಗೆ ಸ್ಕೇಲ್ ಹಿಡಿದು ಅಳೆದು, ಅದರ ಉದ್ದವನ್ನು ಮೇಜಿನ ಅಂಚಿನಲ್ಲೇ ಬರೆದುಕೊಂಡಳು. ಇನ್ನು ಮೇಲೆ ಮೊದಲು ಎಲೆ ಅಳೆಯುವುದು, ಆಮೇಲೆ ಪೆನ್ಸಿಲ್ ಮುಟ್ಟುವುದು.

ಸಂಜೆಯೊಳಗೆ ಬಲಗಡೆಯ ಬಳ್ಳಿಯನ್ನು ಹೊಸದಾಗಿ ಎಳೆದಳು. ಎಷ್ಟೋ ದಿನಗಳ ಮೇಲೆ ಉಸಿರು ಬಿಗಿ ಹಿಡಿಯದೆ ಎಳೆದಳು. ಎರಡೂ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿಗೆ ಅಂಚು ಸೇರಿಸಿದಳು. ಅರ್ಧ ಹೂವಿಗೆ ಅರ್ಧ ಹೂವು ಬಂದು ಕೂಡಿತು.

ತಮ್ಮ ಬಾಗಿಲು ಹಾಕಲು ಬಂದವನು ನೆನಪು ಮಾಡಿಕೊಂಡ. "ಬೆಳಿಗ್ಗೆ ಏನೋ ಹೇಳಬೇಕು ಅಂತಿದ್ದೆಯಲ್ಲ ಅಕ್ಕಾ?"

"ಹೂಂ," ಎಂದಳು ಗೆರೆಯಕ್ಕ ಡಬ್ಬಿ ಮುಚ್ಚುತ್ತಾ. "ಪೆನ್ಸಿಲ್ ಮುಗೀತಾ ಬಂದಿದೆ ಕಣೋ. ನಾಳೆ ಒಂದು ಡಬ್ಬಿ ಪೂರ್ತಿ ತಂದಿಡು."

"ರಬ್ಬರೂ ತರಲಾ?"

"ಅದು ಬೇಡ. ಹಳೇದೇ ಇದೆ."